ಕಾರಿನ ಮೂಗಿಗೊಂದು ಕುಂಚಿಗೆ

ನಮ್ಮ ಕಾಕಾನಷ್ಟು ಪ್ರೀತಿಯುಳ್ಳ ಮನುಷ್ಯ ಇಡೀ ಬಸವಕಲ್ಯಾಣದಲ್ಲಿ ಇರಲಿಲ್ಲ. ಆದರೆ ಆ ಪ್ರೀತಿಯೆಲ್ಲ ಕಾರಿನ ಬಂಪರಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ ನೇತಾಡುತ್ತಿತ್ತು!

ಎರಡು ಸಾವಿರದ ಇಸವಿ ದಾಟಿದ ಹೊಸತು. ಯಾರದೋ ಮಾತು ಕೇಳಿ ಕಾಕಾ ಹೈದರಾಬಾದಿಗೆ ಹೋಗಿ, ತನ್ನ ಹಳೆಯ ಕಾರಿನ ಇಂಜಿನ್ನಿಗೆ ಗಾಳಿ ಎಳೆಯುವ ಹೊಸ ಪೈಪು ಹಾಕಿಸಿಕೊಂಡು ಬಂದ. ಮೇಲಿದ್ದ ಗಾಳಿಡಬ್ಬಿ ತೆಗೆದು, ಥಳಥಳ ಹೊಳೆಯುವ ಪೈಪನ್ನು ಬಂಪರಿನ ಹಿಂದೆ ಕೆಳಗಿಳಿಸಿ, ತುದಿಗೆ ಕೆಂಪು ಫಿಲ್ಟರ್ ಸಿಕ್ಕಿಸಿದ್ದರು.

"ತಂಪು ಗಾಳಿ ಕುಡಿದ್ರ ಇಂಜಿನ್ ಹುಲಿ ಆಗ್ತದ" ಎಂದ ಕಾಕಾ. ಮೇ ತಿಂಗಳಲ್ಲಿ ನಮ್ಮೂರಿಗೆ ತಂಪು ಗಾಳಿ ಎಲ್ಲಿಂದ ತರುವುದು? ಸಿಕ್ಕಿದ್ದೆಲ್ಲ ಧೂಳು!

ಧೂಳಿಗೆ ಕಾಕಾ ಕಂಡುಕೊಂಡ ಉಪಾಯ ಕುಂಚಿಗೆ. ಹೌದು, ಕೂಸುಗಳ ತಲೆಗೆ ಹಾಕುತ್ತೇವಲ್ಲ, ಅದೇ! ತನ್ನ ಹೆಂಡತಿ, ಅಂದರೆ ನಮ್ಮ ಕಾಕುವಿನ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಅವಳ ಕೈಯಿಂದಲೇ ಹೊಲಿಸಿ ಫಿಲ್ಟರಿಗೆ ತೊಡಿಸಿದ. ಹುಮನಾಬಾದ್ ಮುಟ್ಟುವಷ್ಟರಲ್ಲಿ ಕಾರು ಏದುಸಿರು ಬಿಡತೊಡಗಿತು. ಅಲ್ಲಿಯ ಗ್ಯಾರೇಜಿನ ಮಿಸ್ತ್ರಿ ಬಗ್ಗಿ ನೋಡಿ ಕುಂಚಿಗೆಯನ್ನು ಎಳೆದು ಎತ್ತಿ ಹಿಡಿದ.

"ಇದರ ಕೂಸು ಎಲ್ಲಿ ಅದ ರೀ ಕಾಕಾ? ಇಂಜಿನ್ ದಮ್ ಕಟ್ಟಿ ಸಾಯಾಕತ್ತದ!"

ಕಾಕಾ ಸೋಲುವವನೇ? ನಾಲ್ಕು ಮಡಿಕೆಯದು ಹೋಗಿ ಒಂದೇ ಮಡಿಕೆಯ ಕುಂಚಿಗೆ ಬಂತು.

ನಿಜವಾಗಿ ದಮ್ಮು, ಉಬ್ಬಸದ ಕಾಯಿಲೆ, ಇದ್ದದ್ದು ಕಾಕುವಿಗೆ. ಅಂಗಳ ಗುಡಿಸುವಾಗ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕಾಕಾ ಓಡಿ ಬಂದು ಗದರುತ್ತಿದ್ದ: "ಏ, ಹಗೂರ! ಧೂಳ ಹೋಗ್ತದ ಒಳಗ!" ಯಾರ ಒಳಗೆ? ಕಾರಿನ ಒಳಗೆ! ಕಾಕುವಿನ ಮೂಗಿಗೆ ಒಂದು ಚಿಂದಿ ಬಟ್ಟೆಯನ್ನೂ ಯಾರೂ ಕಟ್ಟಲಿಲ್ಲ. ಅದೇ ಮನೆಯಲ್ಲಿದ್ದ ನಾನೂ ಕಟ್ಟಲಿಲ್ಲ.

ಮಳೆಗಾಲದ ಕಥೆ ಇನ್ನೂ ಚಂದ. ನನಗೆ ಹೆಣ್ಣು ನೋಡಲು ಹುಮನಾಬಾದಿಗೆ ಹೊರಟಿದ್ದೆವು. ದಾರಿಗೆ ಅಡ್ಡ ಹರಿಯುವ ನಾಲಾದಲ್ಲಿ ಪಾದ ಮುಳುಗುವಷ್ಟು ನೀರು. ಕಾಕಾ ಇಳಿದ, ಕೋಲಿನಿಂದ ಅಳೆದ, ಬಗ್ಗಿ ಪೈಪು ನೋಡಿದ.

"ಒಂದು ಗುಟುಕು ನೀರು ಎಳಕೊಂಡ್ರ ಇಂಜಿನ್ ಖಲಾಸ್. ತಿರುಗಸ್ತೀನಿ."

"ಕಾಕಾ, ಅವರು ಕಾಯಾಕತ್ತಾರ!"

"ಹೆಣ್ಣು ಇನ್ನೊಂದು ಸಿಗ್ತಾಳ. ಇಂಜಿನ್ ಸಿಗಂಗಿಲ್ಲ."

ಆ ಹುಡುಗಿಗೆ ಮುಂದಿನ ವಾರವೇ ಬೇರೆ ಗಂಡು ಗೊತ್ತಾಯಿತು. ಇವತ್ತಿಗೂ ಆ ನಾಲಾ ದಾಟುವಾಗ ನನ್ನ ಹೊಟ್ಟೆ ಉರಿಯುತ್ತದೆ.

ಮರುವರ್ಷದ ಮಳೆಯಲ್ಲಿ ಒಂದು ಮಧ್ಯಾಹ್ನ ಕಾಕುವಿನ ದಮ್ಮು ಏರಿತು. ತುಟಿ ನೀಲಿಗಟ್ಟಿತು. ಅವಳನ್ನು ನೋಡುತ್ತಿದ್ದ ಡಾಕ್ಟರು ಇದ್ದದ್ದು ಹುಮನಾಬಾದಿನಲ್ಲಿ. ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ ಅವಳ ತಲೆ. ಅದೇ ನಾಲಾ, ಈಗ ಮೊಣಕಾಲುದ್ದ ನೀರು. ಇನ್ನು ಈ ಮಹಾನುಭಾವ ಇಳಿದು ಕೋಲು ಹುಡುಕುತ್ತಾನೆ ಎಂದು ನಾನು ಹಲ್ಲು ಕಡಿದೆ.

ಕಾಕಾ ಬ್ರೇಕನ್ನೇ ಮುಟ್ಟಲಿಲ್ಲ. ನಡುನೀರಿನಲ್ಲಿ ಇಂಜಿನ್ ಠಕ್ಕೆಂದು ನಿಂತಿತು. ಅವನು ಕಾಕುವನ್ನು ಬೆನ್ನಿಗೆ ಹಾಕಿಕೊಂಡು, ಕಾರಿನ ಕಡೆ ತಿರುಗಿಯೂ ನೋಡದೆ ದಡ ಹತ್ತಿ, ಆಚೆ ನಿಂತಿದ್ದ ಟೆಂಪೋ ಏರಿದ.

ದವಾಖಾನೆಯಲ್ಲಿ ಆಕ್ಸಿಜನ್ ಕೊಟ್ಟ ಎಷ್ಟೋ ಹೊತ್ತಿನ ಮೇಲೆ ಕಾಕು ಕಣ್ಣು ತೆರೆದಳು.

"ಗಾಡಿ ನೀರಾಗೇ ಅದ ಏನ್ರಿ?"

"ಹೋಗ್ಲಿ ಬಿಡು. ನೀ ಉಸಿರು ತಗೋ."

ಈ ಮಾತನ್ನು ಮೊದಲೇ ಆಡಿದ್ದರೆ ಏನು ಗಂಟು ಹೋಗುತ್ತಿತ್ತು? ಆ ಸಿಟ್ಟು ನನಗೆ ಇನ್ನೂ ಇದೆ.

ಕಾರು ಮತ್ತೆ ಏಳಲಿಲ್ಲ. ಕಾಕು ಮನೆಗೆ ಬಂದ ಮರುದಿನ ಬೆಳಿಗ್ಗೆ ಪೊರಕೆಯ ಸದ್ದು ಕೇಳಿ ಹೊರಬಂದೆ. ಕಾಕಾ ನೀರು ಚಿಮುಕಿಸಿ ಅಂಗಳ ಗುಡಿಸುತ್ತಿದ್ದ. ಎದುರುಮನೆಯವರು ನಿಂತು ನಗುತ್ತಿದ್ದರು. ಕಾಕು ಬಾಗಿಲಿಗೆ ಬಂದದ್ದೇ ತಡ, ಕಾಕಾ ಪೊರಕೆ ಎತ್ತಿ ಗದರಿದ:

"ಏ, ಹಿಂದ ಸರಿ! ಧೂಳ ಹೋಗ್ತದ ಒಳಗ!"