ಮೂವತ್ತಾರು ಅಡಿ ಇಳಿಜಾರು

ಬಂಡೆಪ್ಪನ ಫಜೀತಿಗೆಲ್ಲ ಮೂಲ ಒಂದು ಸಣ್ಣ ರಬ್ಬರು. ತೆಲುಗು ನಾಡಿನ ಮಲ್ಕಾಜ್‌ಗಿರಿಯ ಕನ್ನಡ ಸಂಘಕ್ಕೆ ಸ್ವಂತ ಕಟ್ಟಡದ ಯೋಗ ಕೂಡಿ ಬಂದಾಗ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಕಾಶೆ ಬರೆದು ನಿವೃತ್ತನಾಗಿದ್ದ ಅವನೇ ಅದರ ನಕಾಶೆಯನ್ನೂ ಬರೆದ. ಮೂರು ಅಡಿ ಎತ್ತರದ ಬಾಗಿಲಿಗೆ ಆರು ಮೆಟ್ಟಿಲು. ಪಕ್ಕದಲ್ಲಿ ಗಾಲಿಕುರ್ಚಿ ಸಲೀಸಾಗಿ ಏರುವಂತೆ ಮೂವತ್ತಾರು ಅಡಿಯ ಇಳಿಜಾರು. ಆ ಗೆರೆ ಎಳೆಯುವಾಗ ಅವನ ಕಣ್ಣ ಮುಂದಿದ್ದವಳು ಅಕ್ಕ ಸೂಗಮ್ಮ. ಬಡಾವಣೆಯ ಮಕ್ಕಳಿಗೆಲ್ಲ ತನ್ನ ಮನೆಯ ಪಡಸಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿಸಿದವಳು ಅವಳು. ಕಾಲಿನ ಸ್ವಾಧೀನ ತಪ್ಪಿ ನಾಲ್ಕು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಳು.

“ಮೂವತ್ತಾರು ಅಡಿ ಅಂದ್ರ ಎರಡು ಕಾರು ನಿಲ್ಲೂ ಜಾಗಾ ಹೋತಲ್ರಿ,” ಎಂದರು ಅಧ್ಯಕ್ಷ ರಾಮದಾಸರು. ಆ ಎರಡರಲ್ಲಿ ಒಂದು ಅವರದೇ ಕಾರು.

“ಗಾಲಿಕುರ್ಚ್ಯಾಗ ಬರೋರು ಎಷ್ಟ ಮಂದಿ? ಬಂದ್ರ ನಾಕ ಮಂದಿ ಎತ್ತಿದ್ರಾತು,” ಎಂದರು ಕಾರ್ಯದರ್ಶಿ ಕಮಲಾಕ್ಷಿಬಾಯಿ.

ಯಾರಿಗೂ ಇಲ್ಲ ಎಂದು ಹೇಳಿ ಬಂಡೆಪ್ಪನಿಗೆ ರೂಢಿಯೇ ಇರಲಿಲ್ಲ. “ಆತ್ರಿ,” ಎಂದ. ತನ್ನ ಕೈಯಿಂದಲೇ ಇಳಿಜಾರನ್ನು ಒರೆಸಿ, ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದ. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಉದ್ಘಾಟನೆಯ ದೀಪ ಹಚ್ಚಲು ಸಂಘದವರು ಕರೆದದ್ದು ಸೂಗಮ್ಮನನ್ನೇ. “ನನ್ನ ಯಾರೂ ಎತ್ತಬಾರದು ನೋಡು. ನಾನೇ ಗಾಲಿ ತಿರುಗಿಸ್ಕೋತ ಮುಂದಿನ ಬಾಗಲದಿಂದ ಒಳಗ ಹೋಗಾಕಿ,” ಎಂದು ಅವಳು ತನ್ನ ಮನೆಗೆ ಅವನು ಹೋದಾಗಲೆಲ್ಲ ಹೇಳುವಳು. ಬಂಡೆಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತ “ಹೂಂ ಅಕ್ಕಾ” ಎನ್ನುವನು.

ಹೊಸ ಕಟ್ಟಡದ ಪ್ರವೇಶದ ಶುಕ್ರವಾರ ಬಂದೇಬಿಟ್ಟಿತು. ಜ್ವರ ಬಂದವನಂತೆ ಮುಸುಕೆಳೆದು ಮಲಗಿಬಿಡಲೇ ಎಂದು ಬಂಡೆಪ್ಪ ಯೋಚಿಸಿದ. ಆದರೆ ರಾಮದಾಸರು ಫೋನು ಮಾಡಿ ಬೇಗ ಬರ್ರಿ ಎಂದರು. ಆತ್ರಿ ಎಂದು ಹೋದ.

ಮೊದಲು ಆಕಳು ಒಳಗೆ ಹೋಗಬೇಕು, ಅದೂ ಹತ್ತೂವರೆಯೊಳಗೆ ಎಂದು ಪುರೋಹಿತರು ಹೇಳಿದ್ದರು. ಬಾಡಿಗೆಯ ಆಕಳು ಟ್ರಾಲಿ ಆಟೋದಲ್ಲಿ ಗಂಟೆ ಕಟ್ಟಿಕೊಂಡು ಬಂತು. ಆರು ಮೆಟ್ಟಿಲುಗಳನ್ನು ನೋಡಿ, ಊಟಕ್ಕೆದ್ದ ಗುಮಾಸ್ತನ ಹಾಗೆ ಮುಖ ತಿರುಗಿಸಿ ನಿಂತಿತು. ಬಾಳೆಹಣ್ಣು ತೋರಿಸಿದರೆ ತಿಂದಿತು. ಬೆಲ್ಲ ತೋರಿಸಿದರೆ ತಿಂದಿತು. ಕಮಲಾಕ್ಷಿಬಾಯಿಯ ಸೆರಗನ್ನೂ ಅರ್ಧ ಗೇಣು ತಿಂದಿತು. ಹಿಂದಿನಿಂದ ನೂಕಲು ಹೋದ ಬಂಡೆಪ್ಪನ ಹೊಸ ಧೋತರ ಹಸಿರಾಯಿತು.

“ಎಕ್ಕದು ಸಾರ್,” ಎಂದು ಆಕಳಿನವನು ತೆಲುಗಿನಲ್ಲಿ ಕೈಚೆಲ್ಲಿದ.

ಹತ್ತಾಗಿತ್ತು. ರಾಮದಾಸರ ಮುಖ ಬೆವೆತಿತ್ತು. “ಬಂಡೆಪ್ಪನವರ, ಏರೋದಿಲ್ಲಂತ ಇದು. ಒಂದು ಇಳಿಜಾರ ಮಾಡಾಕ ಬರತೈತೇನ್ರಿ?”

ಬಂಡೆಪ್ಪ ಅವರ ಮುಖವನ್ನೇ ನೋಡಿದ. “ಬರತೈತ್ರಿ. ಮೂವತ್ತಾರು ಅಡಿ ಜಾಗಾ ಬೇಕು.”

“ಐವತ್ತು ತಗೋರಿ.”

“ಕಾರು ಅದಾವಲ್ರಿ.”

“ತಗದ್ರಾತು,” ಎಂದು ರಾಮದಾಸರು ತಾವೇ ಓಡಿಹೋಗಿ ಕಾರು ತೆಗೆದರು.

ವೇದಿಕೆಗೆಂದು ಶಾಮಿಯಾನಾದವರು ತಂದಿದ್ದ ಹಲಗೆಗಳು ಇಪ್ಪತ್ತು ನಿಮಿಷದಲ್ಲಿ ಇಳಿಜಾರಾದವು. ಮೂಕಪ್ರಾಣಿ, ಪಾಪ, ಜಾರಿ ಬಿದ್ದರೆ ಹೇಗೆಂದು ಕಮಲಾಕ್ಷಿಬಾಯಿ ಜಮಖಾನ ಹಾಸಿಸಿದರು. ಎರಡೂ ಕಡೆ ಬಿದಿರು ಕಟ್ಟಿಸಿದರು. ಆಕಳು ಮದುಮಗಳಂತೆ ಮೆಲ್ಲಗೆ ಏರಿ ಒಳಗೆ ಹೋಯಿತು.

ಬಂಡೆಪ್ಪನ ಕಣ್ಣು ತುಂಬಿ ಬಂತು. ಇಷ್ಟು ತಿಂಗಳು ಹೇಳಿದ ಸುಳ್ಳು ಇವತ್ತು ನಿಜವಾಗಿತ್ತು. ಧೋತರ ಹಸಿರಾಗಿದ್ದದ್ದೂ ಮರೆತು, ರೈಲ್ವೆ ಸ್ಟೇಷನ್ನಿನ ಆಚೆಗಿದ್ದ ಅಕ್ಕನ ಮನೆಗೆ ಆಟೋ ಹಿಡಿದ.

“ಮೂವತ್ತಾರು ಅಡಿ ಐತಕ್ಕಾ,” ಎಂದ ಬರುವಾಗ. “ಹಿಡಕೊಳ್ಳಾಕನೂ ಐತಿ. ಜಮಖಾನ ಹಾಸ್ಯಾರ.”

“ನನಗ ಜಮಖಾನ ಯಾಕೋ,” ಎಂದು ಸೂಗಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂಡೆಪ್ಪ ಅವಳ ಮುಖ ನೋಡಿ ಮಾತಾಡಿದ್ದ.

ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಗೇಟು ದಾಟಿದರೆ, ಎದುರಿಗೆ ಆರು ಮೆಟ್ಟಿಲು. ಪಕ್ಕದಲ್ಲಿ ಎರಡು ಕಾರು.

“ಇಳಿಜಾರ ಎಲ್ಲಿ ಹೋತ್ರಿ?” ಎಂದು ಬಂಡೆಪ್ಪ ಕೇಳಿದ.

“ಆಕಳ ಜೋಡಿ ಹೋತು,” ಎಂದರು ರಾಮದಾಸರು ಸಂತೋಷದಿಂದ. “ಬೇಗಂಪೇಟ್ಯಾಗ ಇನ್ನೊಂದು ಪ್ರವೇಶ ಐತಂತ ಅದಕ್ಕ. ಅಲ್ಲೂ ಮೆಟ್ಟಲ ಅದಾವಂತ. ಪಾಪ, ಮತ್ತ ತ್ರಾಸ ಯಾಕಂತ ಹಲಗಿ, ಜಮಖಾನ ಎಲ್ಲಾ ಕಳಿಸಿದ್ವಿ.”

ಸೂಗಮ್ಮ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿದಳು. “ನಿನ್ನ ನಕಾಶ್ಯಾಗ ಇರಲಿಲ್ಲೇನೋ?”

“ಇತ್ತಕ್ಕಾ. ನಾನೇ ಒರಸಿದೆ.”

ನಾಲ್ಕು ಜನ ಕುರ್ಚಿ ಎತ್ತಲು ಬಂದರು. ಸೂಗಮ್ಮ ಎರಡೂ ಗಾಲಿಗಳನ್ನು ಬಿಗಿಯಾಗಿ ಹಿಡಿದಳು. “ಬ್ಯಾಡ್ರೆಪ್ಪಾ. ದೀಪಾ ಯಾರರ ಹಚ್ಚರಿ. ನಾ ಇಲ್ಲೇ ಇರತೀನಿ.”

ಅಷ್ಟರಲ್ಲಿ ಒಳಗಿನಿಂದ ಮೈಕಿನಲ್ಲಿ ಕಮಲಾಕ್ಷಿಬಾಯಿಯ ದನಿ ಕೇಳಿಸಿತು. “ಆಕಳಿಗೆ ತ್ರಾಸ ಆಗಲಾರದಂಗ ಇಳಿಜಾರು ಮಾಡಿಕೊಟ್ಟ ನಮ್ಮ ಬಂಡೆಪ್ಪನವರಿಗೆ ಈಗ ಶಾಲು ಹೊದಿಸಿ ಸನ್ಮಾನ. ಬಂಡೆಪ್ಪನವರ, ಮ್ಯಾಲ ಬರ್ರಿ.”

ಈಗಲಾದರೂ ಇಲ್ಲ ಎನ್ನಬೇಕೆಂದು ಬಂಡೆಪ್ಪ ಬಾಯಿ ತೆರೆದ. ಬಂದದ್ದು “ಆತ್ರಿ.”

“ಹೋಗೋ, ಕರಿಯಾಕತ್ತಾರ,” ಎಂದಳು ಅಕ್ಕ.

ತಾನೇ ಅಳತೆ ಹಾಕಿದ ಆರು ಮೆಟ್ಟಿಲುಗಳನ್ನು ಬಂಡೆಪ್ಪ ಎಣಿಸುತ್ತ ಏರಿದ. ಒಂದೊಂದೂ ಆಳೆತ್ತರ ಅನ್ನಿಸಿತು. ಹೆಗಲ ಮೇಲೆ ಶಾಲು ಬಿದ್ದಾಗ ಬಾಗಿಲಾಚೆ ತಿರುಗಿ ನೋಡಿದ. ಎರಡು ಕಾರುಗಳ ನಡುವೆ ಸೂಗಮ್ಮ ಒಬ್ಬಳೇ ಕುಳಿತು ಚಪ್ಪಾಳೆ ತಟ್ಟುತ್ತಿದ್ದಳು.