ಗುಪ್ತಸಭೆಗೆ ಹೋದ ನಮ್ಮ ಮಾವ

ಸಾರಾಯಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ! ನಾವು ವಯನಾಡಿನ ಜೈನ ಗೌಡರು. ನೀರನ್ನು ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಾವ ಎರಡನ್ನೂ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಹೊತ್ತಿರುವಾಗಲೇ ಊಟ ಮುಗಿಸಿ, ಕೈ ತೊಳೆದು, ಬಿಳಿ ಬಟ್ಟೆ ಹಿಡಿದು ಲೋಟದ ಮುಂದೆ ಕೂರುತ್ತಿದ್ದರು.

"ಮಾವ, ನಮ್ಮ ಧರ್ಮದಲ್ಲಿ ಕುಡಿಯೋದೇ ತಪ್ಪಲ್ವಾ?" ಎಂದು ಕೇಳಿದರೆ, "ಅದು ನನ್ನ ಕರ್ಮ. ಅದರೊಳಗಿನ ಹುಳ ಏನು ಪಾಪ ಮಾಡಿದೆ?" ಎನ್ನುತ್ತಿದ್ದರು. ಇಂಥವರ ಜೊತೆ ವಾದ ಮಾಡಿ ಗೆದ್ದವರುಂಟೇ?

ಅತ್ತೆ ವಾದ ಮಾಡುವ ಗೋಜಿಗೇ ಹೋಗಲಿಲ್ಲ. ಒಂದು ದಿನ ಸುಮ್ಮನೆ ಟ್ರಂಕಿಗೆ ಸೀರೆ ತುಂಬಿದರು. "ಇನ್ನೊಂದು ಸಲ ಬಾಯಿ ನಾತ ಬಂದ್ರೆ ನಾನು ತವರಿಗೆ. ಮತ್ತೆ ಬರಲ್ಲ," ಎಂದರು. ಅತ್ತೆ ಬಾಯಿಮಾತಿಗೆ ಹೇಳುವವರಲ್ಲ. ಮಾವ ನಿಜಕ್ಕೂ ಹೆದರಿದರು. ಹೆದರಿಕೆ ತಡೆಯಲಾರದೆ ಅವತ್ತು ಇನ್ನೂ ಸ್ವಲ್ಪ ಜಾಸ್ತಿ ಕುಡಿದರು!

ಆದರೂ ಅತ್ತೆ ಅಂದು ಹೋಗಲಿಲ್ಲ. ಟ್ರಂಕು ಮಾತ್ರ ಬಾಗಿಲ ಬಳಿಯೇ ಕೂತಿತು.

ಕೇರಳದಲ್ಲಿ ಸಾರಾಯಿ ನಿಂತ ಮೇಲೆ ಮಾವ ಬಾವಲಿ ಹೊಳೆ ದಾಟಿ ಕರ್ನಾಟಕದ ಪ್ಯಾಕೆಟ್ ಸಾರಾಯಿಗೆ ಹೋಗುತ್ತಿದ್ದರು. ಜೊತೆಗೆ ಮಾರ. ಹಿಂದೆ ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದ ಆದಿವಾಸಿ. ಆಮೇಲೆ ಭೂಮಿಗಾಗಿ ಅವನ ಜನ ಹೂಡಿದ ಸಮರ ಸೇರಿ ಕಾಡಂಚಿನಲ್ಲಿ ಗುಡಿಸಲು ಹಾಕಿದ್ದ. ಗೌಡರ ಭೂಮಿಯೆಲ್ಲ ನಮ್ಮದೇ ಎಂದು ಹಗಲೆಲ್ಲ ಘೋಷಣೆ ಕೂಗಿ, ಸಂಜೆಗೆ ಗೌಡರ ಜೊತೆಯಲ್ಲೇ ಹೊಳೆ ದಾಟುತ್ತಿದ್ದ! ಇದ್ದಕ್ಕಿದ್ದಂತೆ ಅವನು ಬರುವುದು ನಿಂತಿತು. ಮಾವ ಹುಡುಕಿಕೊಂಡು ಹೋದರು.

"ಎಲ್ಲಿ ಮಾಯ ಆದ್ಯೋ?"

"ಈಗ ಪೇಟೆ ಪಳ್ಳಿಯ ಹಾಲ್‌ಗೆ ಹೋಗ್ತೀನಿ ಗೌಡ್ರೇ. ನಮ್ಮಂಥ ಕುಡಿಯೋರೇ ಬರ್ತಾರೆ. ನೀವೂ ಬನ್ನಿ."

ಕುಡಿಯುವವರೇ ಬರುತ್ತಾರೆ ಎಂದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ? ಮಾವ ಸೋಸುವ ಬಟ್ಟೆಯನ್ನು ಜೇಬಿಗೆ ಹಾಕಿಕೊಂಡೇ ಆ ಪಳ್ಳಿಯ, ಅಂದರೆ ಇಗರ್ಜಿಯ, ಹಾಲ್‌ಗೆ ಹೋದರು. ಅಲ್ಲಿ ಚಾಯ ಕೊಟ್ಟರು! ಅದು ಕುಡಿತ ಬಿಡುವವರ ಸಭೆ. ಒಬ್ಬೊಬ್ಬರಾಗಿ ಎದ್ದು "ನಾನು ಕುಡುಕ" ಎಂದು ಹೇಳಿ, ತಮ್ಮ ಪಾಡು ಬಿಚ್ಚಿಟ್ಟು ಕೂತರು. ಬಾಗಿಲ ಬಳಿಯ ಟ್ರಂಕು ನೆನಪಾಗಿ ಮಾವನೂ ಎದ್ದರು. ಅಳುತ್ತಾ ಅಳುತ್ತಾ ಹೊತ್ತು ಮುಳುಗುವವರೆಗೂ ಮಾತಾಡಿದರಂತೆ. ಹೊತ್ತು ಮುಳುಗಿತಲ್ಲ, ಚಾಯ ಮುಟ್ಟಲಿಲ್ಲ! ಮರುವಾರದಿಂದ ಪಾಪ, ಅವರಿಗಾಗಿ ಸಭೆಯನ್ನೇ ಮಧ್ಯಾಹ್ನಕ್ಕೆ ಇಟ್ಟರು.

ಕುಡಿತ ನಿಂತಿತು. ಟ್ರಂಕು ಅಟ್ಟಕ್ಕೆ ಹೋಯಿತು. ದಿನಾ ಸಂಜೆ ಅತ್ತೆ "ಆ ಅನ್ನಿ" ಎನ್ನುವುದು, ಮಾವ ಡಾಕ್ಟರ ಮುಂದಿನ ರೋಗಿಯ ಹಾಗೆ ಬಾಯಿ ತೆರೆಯುವುದು ಮಾತ್ರ ನಿಲ್ಲಲಿಲ್ಲ.

ಆದರೆ ಆ ಸಭೆಗೆ ಒಂದು ನಿಯಮವಿತ್ತು. ಒಳಗೆ ಕಂಡವರ ಹೆಸರನ್ನು ಹೊರಗೆ ಹೇಳಬಾರದು. ಅದೋ, ನಾಲ್ಕು ಜನ ಒಟ್ಟಿಗೆ ಕೂತರೆ ನಕ್ಸಲರೆಂದು ಪೊಲೀಸರು ಬೆನ್ನು ಹತ್ತುತ್ತಿದ್ದ ಕಾಲ. ಒಂದು ದಿನ ಬಸ್ಸು ನಿಲ್ಲಿಸಿ ಮಾವನನ್ನು ಕೇಳಿದರು.

"ಎಲ್ಲಿಗೆ?"

"ಮೀಟಿಂಗಿಗೆ."

"ಯಾರ್ಯಾರು ಬರ್ತಾರೆ?"

"ಅದು ಗುಟ್ಟು ಸಾರ್."

ಮುಗೀತಲ್ಲ ಕಥೆ! ಜೀಪು ಹತ್ತಿಸಿದರು.

ಸುದ್ದಿ ತಿಳಿದು ನಾನು ಠಾಣೆಗೆ ಓಡಿದೆ. ಇನ್ಸ್‌ಪೆಕ್ಟರ್ ಮೇಜು ಗುದ್ದುತ್ತಿದ್ದರು. "ಕುಡಿಯೋಕೆ ಗುಟ್ಟು ಬೇಕು, ಸರಿ. ಕುಡಿತ ಬಿಡೋಕೆ ಯಾತಕ್ಕಯ್ಯಾ ಗುಟ್ಟು?" ಮಾತಿನಲ್ಲಿ ನ್ಯಾಯವಿತ್ತು! ನಾನು ಮಾವನ ಪಕ್ಕ ಕೂತು ಪಿಸುಗುಟ್ಟಿದೆ. "ಸಾಕ್ಷಿಗೆ ಒಬ್ಬರ ಹೆಸರಾದ್ರೂ ಹೇಳಿ ಮಾವ, ಬಿಟ್ಟುಬಿಡ್ತಾರೆ."

"ನಂಗೆ ಗೊತ್ತಿರೋದು ಮಾರನ ಹೆಸರೊಂದೇ," ಎಂದರು ಮಾವ ಇನ್ನೂ ಮೆಲ್ಲಗೆ. "ಅವನು ಸಮರದವನು. ನನ್ನನ್ನ ಬೆಂಚಲ್ಲಿ ಕೂರಿಸಿದ್ದಾರೆ. ಅವನು ಸಿಕ್ಕಿದ್ರೆ ಮೂಳೆ ಮುರೀತಾರೆ. ಏನಾದ್ರೂ ಆಗಲಿ, ನಾನು ಹೇಳಲ್ಲ."

ಅಷ್ಟರಲ್ಲಿ ಸುದ್ದಿ ಕೇಳಿ ಬಾಗಿಲಲ್ಲಿ ಮಾರನೇ ಬಂದು ನಿಂತ. ಆ ದಿನಗಳಲ್ಲಿ ಅವನ ಜನ ತಾವಾಗಿ ಠಾಣೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. "ಸಾರ್, ನನ್ನ ಹೆಸರು ಮಾರ. ನಾನು ಕುಡುಕ. ಗೌಡ್ರನ್ನ ಆ ಮೀಟಿಂಗಿಗೆ ಕರ್ಕೊಂಡು ಹೋದವನು ನಾನೇ," ಎಂದ.

ಇನ್ಸ್‌ಪೆಕ್ಟರ್ ಗದರಿದರು, ಹಿಂದೆಮುಂದೆ ಕೇಳಿದರು, ಇಗರ್ಜಿಯ ಪಾದ್ರಿಗೆ ಫೋನು ಮಾಡಿದರು. ಕೊನೆಗೆ ಕೈಮುಗಿದರು. "ಹೋಗಿ ಮಾರಾಯ್ರೇ! ನಕ್ಸಲರಲ್ಲೂ ಇಷ್ಟು ಶಿಸ್ತಿಲ್ಲ!"

ಹೊರಗೆ ಬಂದರೆ ರಸ್ತೆಯಾಚೆ ಕಳ್ಳಿನಂಗಡಿ. ಮಾವ ನಿಂತುಬಿಟ್ಟರು. ಮುಖವೆಲ್ಲ ಬೆವರು.

"ಮಾರಾ, ನನ್ನ ಕೈ ಹಿಡ್ಕೊಳ್ಳೋ. ಇವತ್ತು ನನ್ನಿಂದಾಗಲ್ಲ."

ಮಾರ ಅತ್ತಿತ್ತ ನೋಡಿದ. ಪೇಟೆಯ ನಡುಬೀದಿಯಲ್ಲಿ ಗೌಡರ ಕೈಯನ್ನು ಅವನ ಜನ ಯಾರೂ ಹಿಡಿದಿರಲಿಲ್ಲ. ಆಮೇಲೆ ಹಿಡಿದ, ಗಟ್ಟಿಯಾಗಿ.

"ನೀವೂ ಬಿಡಬೇಡಿ ಗೌಡ್ರೇ. ನಂಗೂ ಇವತ್ತು ಆಗ್ತಿಲ್ಲ."

ಅಂಗಡಿಯೊಳಗಿದ್ದವರು ಎದ್ದು ಹೊರಗೆ ಬಂದು ನೋಡಿದರು. ಅವರಿಬ್ಬರೂ ತಲೆ ಎತ್ತದೆ ಅಂಗಡಿ ದಾಟಿದರು. ನಾನು ಹಿಂದೆ ಅಳುತ್ತಾ ನಡೆದೆ. ಬಸ್ಸು ಹತ್ತಿ ಕೂತ ಮೇಲೂ ಅವರು ಕೈ ಬಿಟ್ಟಿರಲಿಲ್ಲ.