ಕಲರ್ ರೋಲೂ ಮಾವನ ಮನೆಯ ಮೊಳೆಯೂ

"ಈ ಸಲ ಹೊಗೇನಕಲ್ಲಿಗೆ ಹೋಗಿ ಬಂದ ಮೇಲೂ ಆ ಮೊಳೆಗೆ ನಮ್ಮ ಫೋಟೋ ಬೀಳ್ನಿಲ್ಲ ಅಂದ್ರೆ, ನನ್ನ ಹೆಸರು ಆವುಲಪ್ಪನೇ ಅಲ್ಲ, ಬ್ಯಾರೆ ಹೆಸರಿಟ್ಕೋ!"

ಗುಮ್ಮಳಾಪುರದ ತನ್ನ ಮನೆಯ ಜಗಲಿಯ ಮೇಲೆ ನಿಂತು ಆವುಲಪ್ಪ ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ಹೆಂಡತಿ ಅಶ್ವತ್ಥಮ್ಮ ಸೊಪ್ಪು ಸೋಸುತ್ತಿದ್ದಳು. ತಲೆಯನ್ನೂ ಎತ್ತದೆ, "ಏನಂತ ಇಟ್ಕೊಳ್ಳಾನ?" ಎಂದಳು.

ಆ ಮೊಳೆಯ ಕಥೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹತ್ತಿರದ ತಳಿ ಎಂಬ ಊರಿನಲ್ಲಿ ಆವುಲಪ್ಪನ ಮಾವ ರಾಮಕೃಷ್ಣಪ್ಪನವರ ಮನೆ. ಆ ಮನೆಯ ನಡುಮನೆ ಗೋಡೆಗೆ ಸಾಲಾಗಿ ಮೂರು ಮೊಳೆ. ಮೊದಲನೆಯದರಲ್ಲಿ ದೊಡ್ಡ ಮಗಳು, ಅಳಿಯನ ಮದುವೆ ಫೋಟೋ. ಎರಡನೆಯದರಲ್ಲಿ ನಡುವಿನ ಮಗಳು, ಅಳಿಯ. ಮೂರನೆಯದು ಕಿರಿಯ ಮಗಳು ಅಶ್ವತ್ಥಮ್ಮನಿಗೂ ಅವಳ ಗಂಡನಿಗೂ ಮೀಸಲು. ಅದರಲ್ಲಿ ಮಾವನವರ ಕೊಡೆ ನೇತಾಡುತ್ತಿತ್ತು!

ಇವರ ಮದುವೆಗೆ ಫೋಟೋದವನು ಬಂದಿರಲಿಲ್ಲ ಎಂದುಕೊಳ್ಳಬೇಡಿ. ಬಂದಿದ್ದ. ಕ್ಯಾಮೆರಾವೂ ಬಂದಿತ್ತು. ರೋಲು ಮಾತ್ರ ಬಂದಿರಲಿಲ್ಲ! ಮರೆತು ಬಂದೆ ಎಂದು ಹೇಳಲು ಆ ಮಹಾಶಯನಿಗೆ ನಾಚಿಕೆ. ತಾಳಿ ಕಟ್ಟುವಾಗ, ಧಾರೆ ಎರೆಯುವಾಗ, ಊಟದ ಪಂಕ್ತಿಯಲ್ಲಿ, ಎಲ್ಲೆಲ್ಲೂ ಬರೀ ಬೆಳಕು ಫಳಾರೆಂದು ಹೊಡೆದು ಹೊಡೆದು, ಹೋಳಿಗೆ ಊಟ ಮಾಡಿ, ತಾಂಬೂಲ ತಗೊಂಡು ಹೊರಟುಹೋದ. ಅಂದಿನಿಂದ ಮೊಳೆ ಕೊಡೆಯ ಪಾಲಾಯಿತು. ಬಂದ ನೆಂಟರು ಆವುಲಪ್ಪನನ್ನು ನೋಡಿ "ಇವರು ಯಾರು?" ಎಂದು ಕೇಳಿದರೆ ಮನೆಯವರು ಗೋಡೆಯ ಕಡೆ ಕೈ ತೋರಿಸಿ, "ಇಗೋ, ಇವ್ರೇ ಕೊಡೆ ಅಳಿಯ" ಎನ್ನುತ್ತಿದ್ದರು. ಆವುಲಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಶ್ವತ್ಥಮ್ಮ ತವರಿಗೆ ಹೋದಾಗಲೆಲ್ಲ ಅಕ್ಕಂದಿರ ಫೋಟೋಗಳನ್ನು ಸೆರಗಿನಿಂದ ಒರೆಸಿ, ಮೂರನೆಯ ಮೊಳೆಯ ಹತ್ತಿರ ಬಂದು ಸುಮ್ಮನೆ ನಿಂತುಬಿಡುತ್ತಿದ್ದಳು. ಅದನ್ನು ನೋಡಲು ಆವುಲಪ್ಪನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಆವುಲಪ್ಪ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಸ್ಟೋರು ನೋಡಿಕೊಳ್ಳುವ ಶ್ಯಾಮಣ್ಣನ ಬಳಿ ಸಿಂಗಾಪುರದಿಂದ ಬಂದ ಒಂದು ಕ್ಯಾಮೆರಾ ಇತ್ತು. ದಸರಾ ಬಂತು. ವಿಜಯದಶಮಿಗೆ ಮಾವನ ಮನೆಯವರನ್ನೂ ಸೇರಿಸಿಕೊಂಡು ವ್ಯಾನಿನಲ್ಲಿ ಹೊಗೇನಕಲ್ಲಿಗೆ ಹೋಗುವುದೆಂದು ಗೊತ್ತಾಯಿತು. ಶ್ಯಾಮಣ್ಣ ತೊಗಲಿನ ಚೀಲದ ಸಮೇತ ಕ್ಯಾಮೆರಾ ಕೈಗಿಟ್ಟು, "ಹುಷಾರು ಕಣ್ಲಾ, ನನ್ನ ಹೆಂಡ್ರೂ ಇದನ್ನ ಮುಟ್ಟಿಲ್ಲ. ರೋಲು ಮಾತ್ರ ನೀನೇ ತಗಾಬೇಕು" ಎಂದ.

ರೋಲು! ಆ ಎರಡಕ್ಷರ ಕಿವಿಗೆ ಬಿದ್ದದ್ದೇ ಆವುಲಪ್ಪನ ಹಳೆಯ ಗಾಯ ಕೆರಳಿತು. ತನ್ನ ಬಾಳನ್ನು ಕೆಡಿಸಿದ್ದು ರೋಲು. ಈ ಸಲ ಜಗತ್ತಿನಲ್ಲೇ ಶ್ರೇಷ್ಠವಾದ ರೋಲನ್ನು ಆರಿಸದೆ ಬಿಡುವುದಿಲ್ಲ!

ಸಂಜೆ ಪಾಳಿ ಮುಗಿಸಿ ನೇರವಾಗಿ ಹೊಸೂರು ಬಸ್‌ಸ್ಟ್ಯಾಂಡಿನ ಬಳಿಯ ವೆಂಕಟಸ್ವಾಮಿಯ ಸ್ಟುಡಿಯೋಗೆ ನುಗ್ಗಿದ.

"ಬ್ಲ್ಯಾಕ್ ಅಂಡ್ ವೈಟಾ, ಕಲರಾ ಸಾರ್?" ಎಂದ ವೆಂಕಟಸ್ವಾಮಿ. "ಇಪ್ಪತ್ತನಾಲ್ಕಾ, ಮೂವತ್ತಾರಾ? ನೂರಾ, ನಾನೂರಾ?"

"ನೂರು ನಾನೂರು ಅಂದ್ರೆ ಏನು?"

"ಸ್ಪೀಡು ಸಾರ್."

"ಸ್ಪೀಡು ಯಾಕಪ್ಪ? ನಾವು ನಿಂತ್ಕಂಡೇ ತೆಗಿಸ್ಕೊಳ್ಳೋದು!"

ಇಷ್ಟು ಗಹನವಾದ ವಿಷಯವನ್ನು ಒಬ್ಬನೇ ತೀರ್ಮಾನಿಸುವುದು ತರವಲ್ಲವೆಂದು ಮರುದಿನ ಕ್ಯಾಂಟೀನಿನಲ್ಲಿ ಮಹಾಸಭೆ ಕರೆದ. ಇಂಥ ಸಭೆಯಲ್ಲಿ ಏನಾಗುತ್ತದೋ ಅದೇ ಆಯಿತು. ಕಲರ್ ಆದರೆ ಹತ್ತು ವರ್ಷಕ್ಕೆ ಬಣ್ಣ ಹೋಗಿ ಗಂಡ ಹೆಂಡತಿ ಇಬ್ಬರೂ ಕಾಮಾಲೆ ಬಂದವರಂತೆ ಕಾಣುತ್ತಾರೆ ಎಂದ ಒಬ್ಬ. ಕಪ್ಪು ಬಿಳುಪಿನಲ್ಲಿ ಆವುಲಪ್ಪನ ಹಲ್ಲು ಬಿಟ್ಟು ಬೇರೇನೂ ಬೀಳುವುದಿಲ್ಲ ಎಂದ ಇನ್ನೊಬ್ಬ. ಲೇತ್ ಮಷೀನಿನ ಚಿನ್ನಪ್ಪ ಮಾತ್ರ ಎಲ್ಲರಿಗಿಂತ ದೊಡ್ಡ ಬಾಂಬು ಹಾಕಿದ. "ಹೊಸೂರಲ್ಲಿ ರೋಲು ತಗಾಬ್ಯಾಡ ಕಣ್ಲಾ! ಗಾಜಿನ ಬೀರುವಿನಲ್ಲಿ ಬಿಸಿಲಿಗೆ ಬೆಂದು ಬೆಂದು ಹಪ್ಪಳ ಆಗೋಗಿರ್ತದೆ. ಬೆಂಗಳೂರಿಗೆ ಹೋಗು. ತಣ್ಣಗೆ ಇಟ್ಟಿರ್ತಾರೆ. ತಣ್ಣಗೇ ತಗಂಡ್ ಬಾ!"

ಆವುಲಪ್ಪ ರಜೆ ಹಾಕಿ ಬೆಂಗಳೂರಿಗೆ ಹೋದ! ಅಂಗಡಿ ಅಂಗಡಿ ಅಲೆದು, ಕಲರ್ ರೋಲು, ಮೂವತ್ತಾರರದು, ಕೊಂಡೂ ಬಂದ. ಬರುವಾಗ ಜೂಜುವಾಡಿಯ ಗಡಿಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ನಿಂತುಬಿಟ್ಟಿತು. ಕಿಟಕಿಯಿಂದ ಬಿಸಿಲು ನೇರವಾಗಿ ತೊಡೆಯ ಮೇಲಿನ ರೋಲಿಗೆ ಬೀಳುತ್ತಿತ್ತು. ಅಂಗಿಯೊಳಗೆ ಇಟ್ಟುಕೊಂಡ, ಮೈ ಶಾಖ ತಗುಲೀತೆಂದು ತೆಗೆದ. ಕೊನೆಗೆ ಒಂದು ತಣ್ಣನೆಯ ಸೋಡಾ ಕೊಂಡು, ಕುಡಿಯದೆ, ಬಾಟಲಿಯನ್ನು ರೋಲಿನ ಡಬ್ಬಿಗೆ ಒತ್ತಿ ಹಿಡಿದು ಕೂತ. ಸೋಡಾದವನು ಬಾಟಲಿ ವಾಪಸ್ಸು ಕೊಡೆಂದು ಕಿಟಕಿಯ ಕೆಳಗೆ ತಮಿಳಿನಲ್ಲಿ ಬೈಯುತ್ತಲೇ ಇದ್ದ. ಆವುಲಪ್ಪ ಜಗ್ಗಲಿಲ್ಲ.

ಮನೆಗೆ ಬಂದವನೇ ಮೊಸರು ಇಡುವ ನೆಲುವಿನಿಂದ ಮೊಸರಿನ ಗಡಿಗೆ ಇಳಿಸಿ ರೋಲನ್ನು ಅಲ್ಲಿ ಏರಿಸಿದ.

"ಮೊಸರು ಎಲ್ಲಿಡಾನ?" ಎಂದಳು ಅಶ್ವತ್ಥಮ್ಮ.

"ಎಲ್ಲಾರ ಇಡು. ಮೊಸರು ಕೆಟ್ರೆ ನಾಳೆ ಮತ್ತೆ ಹೆಪ್ಪು ಹಾಕ್ಬೋದು. ರೋಲಿಗೆ ಹೆಪ್ಪು ಹಾಕಕ್ಕಾಯ್ತದ?"

"ನಾನು ಜ್ವರ ಬಂದು ಮಲಗಿದ್ದಾಗ್ಲೂ ಇಷ್ಟು ಉಪಚಾರ ಮಾಡ್ನಿಲ್ಲ ನೀನು" ಎಂದು ಅವಳು ಮೊಸರಿನ ಗಡಿಗೆ ಎತ್ತಿಕೊಂಡು ಒಳಗೆ ಹೋದಳು.

ಆಯುಧಪೂಜೆಯ ದಿನ ಬೆಳಿಗ್ಗೆ ಕ್ಯಾಮೆರಾಕ್ಕೆ ರೋಲು ತುಂಬುವ ಮುಹೂರ್ತ. ಬೆಳಕು ತಾಗಬಾರದೆಂದು ಆವುಲಪ್ಪ ಅಂಗಳದಲ್ಲೇ ಕಂಬಳಿ ಹೊದ್ದು ಕೂತ. ಒಳಗಿನಿಂದ ಬಹಳ ಹೊತ್ತು ಏದುಸಿರು, ಗೊಣಗಾಟ ಕೇಳಿಬಂತು. ಕೊನೆಗೆ ಬೆವರಿನಲ್ಲಿ ಮಿಂದು, ಹರಕಲು ಬನಿಯನ್ನಿನಲ್ಲಿ ವಿಜಯಿಯಾಗಿ ಹೊರಬಂದು ಕ್ಯಾಮೆರಾವನ್ನು ಚೀಲದ ಮುಚ್ಚಳ ತೆರೆದೇ ಜಗಲಿಯ ಮೇಲಿಟ್ಟ.

"ಮೊದಲ್ನೇ ಫೋಟೋ ನಂದೂ ನಿಂದೂ ಆಗ್ಬೇಕು" ಎಂದಳು ಅಶ್ವತ್ಥಮ್ಮ. ಕೈಯಲ್ಲಿ ಮುದ್ದೆ ಕೋಲಿತ್ತು.

"ಸುಮ್ಕಿರು, ಮೊದಲ್ನೇದು ಜಲಪಾತ! ಅದು ಚೆನ್ನಾಗಿ ಬಂದ್ರೆ ಆಮೇಲೆ ನಾವು."

"ಜಲಪಾತಕ್ಕೇನು ತಾಳಿ ಕಟ್ಟಿದೀಯಾ? ಮೊಳೆಗೆ ಜಲಪಾತ ನೇತಾಕ್ತೀಯಾ?"

"ನಿನಗೇನು ಗೊತ್ತೇ ರೋಲಿನ ವಿಷಯ!" ಆವುಲಪ್ಪ ಬೆರಳೆತ್ತಿ ಗರ್ಜಿಸಿದ. ಅಶ್ವತ್ಥಮ್ಮ ಮುದ್ದೆ ಕೋಲೆತ್ತಿದಳು.

"ಇದನ್ನೂ ಹುಣಿಸೆಹಣ್ಣು ಹಾಕಿ ಉಜ್ಜಾನೇನಪ್ಪಾ?"

ಕೇಳಿದ್ದು ಆವುಲಪ್ಪನ ತಾಯಿ ಅಕ್ಕಯಮ್ಮ. ಪೂಜೆಗೆಂದು ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ಫಳಫಳ ಬೆಳಗಿ ಜೋಡಿಸಿದ್ದ ಆಕೆ ಈಗ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಅವರೆದುರು ನಿಂತಿದ್ದಳು.

"ಅಮ್ಮಾ!" ಎಂದು ಆವುಲಪ್ಪ ಕೂಗುವುದಕ್ಕೂ, ಮುದುಕಿ ಬೆಚ್ಚಿ ಬೆರಳೊತ್ತುವುದಕ್ಕೂ ಸರಿಹೋಯಿತು. ಟಿಕ್!

"ಹೋಯ್ತು! ಒಂದು ಫೋಟೋ ಮಣ್ಣುಪಾಲು!" ಆವುಲಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಆ ದುಃಖದಲ್ಲಿ ಅವನು ಮಧ್ಯಾಹ್ನದ ಒಬ್ಬಟ್ಟನ್ನೂ ಎರಡೇ ತಿಂದ.

ಆದರೂ ಆಯುಧಪೂಜೆಗೆ ಕ್ಯಾಮೆರಾ ಇಡುವುದಿಲ್ಲ ಎನ್ನಲು ಅವನಿಗೂ ಧೈರ್ಯ ಬರಲಿಲ್ಲ. ಮುಚ್ಚಳ ಹಾಕಿ, ತೊಗಲಿನ ಚೀಲದ ಮೇಲೆ ತಾನೇ ಒಂದು ಬೊಟ್ಟು ಕುಂಕುಮ ಇಟ್ಟು, ಕುಡುಗೋಲಿನ ಪಕ್ಕ ಕೂರಿಸಿ, "ಯಾರೂ ಮುಟ್ಟಂಗಿಲ್ಲ" ಎಂದು ಆಜ್ಞೆ ಹೊರಡಿಸಿ, ಕಾರ್ಖಾನೆಯ ಪೂಜೆಗೆ ಹೊಸೂರಿನ ಬಸ್ಸು ಹತ್ತಿದ.

ಮಾರನೆಯ ದಿನ ಹೊಗೇನಕಲ್ ಯಾತ್ರೆ. ಬಾಳೆಕಂದು ಕಟ್ಟಿಕೊಂಡು, ಹಣೆ ತುಂಬ ಕುಂಕುಮ ಬಳಿದುಕೊಂಡು ವ್ಯಾನು ಮದುವಣಗಿತ್ತಿಯ ಹಾಗೆ ಹೊರಟಿತು. ಕಾವೇರಿ ತುಂಬಿ ಭೋರ್ಗರೆಯುತ್ತಿದ್ದಳು. ಆವುಲಪ್ಪನೂ ಭೋರ್ಗರೆದ. ಮಾವನನ್ನು ಬಂಡೆಯ ಮೇಲೆ ನಿಲ್ಲಿಸಿದ, ಹರಿಗೋಲಿನಲ್ಲಿ ಕೂರಿಸಿದ, ದಡದ ಮಾಲೀಸಿನವನಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾಗಲೂ ಬಿಡಲಿಲ್ಲ.

ವಿಚಿತ್ರವೆಂದರೆ, ಕ್ಯಾಮೆರಾ ಎತ್ತಿದಾಗಲೆಲ್ಲ ಅತ್ತೆ ಗೋವಿಂದಮ್ಮ ಭಕ್ತಿಯಿಂದ ಕೈ ಮುಗಿದುಬಿಡುತ್ತಿದ್ದರು.

"ಅತ್ತೆ, ಕೈ ಇಳಿಸಿ! ಇದು ದ್ಯಾವ್ರಲ್ಲ!"

"ಇರ್ಲಿ ಬಿಡಪ್ಪ, ನೋಡಿದ್ರೆ ಮುಗೀಬೇಕು ಅನ್ನಿಸ್ತದೆ" ಎಂದರು ಅವರು.

ಕೊನೆಗೆ ಆ ಘಳಿಗೆ. ಜಲಪಾತದೆದುರು ಆವುಲಪ್ಪ ಬಿಳಿ ಪಂಚೆಯಲ್ಲಿ, ಅಶ್ವತ್ಥಮ್ಮ ಮದುವೆ ಸೀರೆಯಲ್ಲಿ. ವ್ಯಾನಿನ ಡ್ರೈವರ್ ಕೈಗೆ ಕ್ಯಾಮೆರಾ ಕೊಟ್ಟು ಒಂದೇ ಭಂಗಿಯನ್ನು ಮೇಲಿಂದ ಮೇಲೆ ತೆಗೆಸಿದ. ಅಶ್ವತ್ಥಮ್ಮ ನಾಚಿ, ಗಂಡನ ತೋಳಿಗೆ ತೋಳು ತಾಗಿಸಿ, ಎಂದೂ ನಗದ ಹಾಗೆ ನಕ್ಕಳು. ಆವುಲಪ್ಪನ ಎದೆ ತುಂಬಿಬಂತು. ಮನಸ್ಸಿನಲ್ಲೇ ಮಾವನ ಕೊಡೆಯನ್ನು ಮೊಳೆಯಿಂದ ಕಿತ್ತೆಸೆದ.

ತೊಳೆಯಲು ಬೆಂಗಳೂರಿಗೆ ಹೋದ ರೋಲು ದೀಪಾವಳಿಗೆ ಮುಂಚೆ ವೆಂಕಟಸ್ವಾಮಿಯ ಸ್ಟುಡಿಯೋಗೆ ಬಂತು. ಗಂಡ ಹೆಂಡತಿ ಇಬ್ಬರೂ ಕ್ಯಾಮೆರಾ ಸಮೇತ ಹೋದರು. ವೆಂಕಟಸ್ವಾಮಿ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಆವುಲಪ್ಪ ಬಗ್ಗಿ ನೋಡಿದ. ಮತ್ತೆ ನೋಡಿದ.

ಜಲಪಾತವಿರಬೇಕಾದ ಕಡೆ ಕೆಂಪು ಮಂಜು. ಮಾವನಿರಬೇಕಾದ ಕಡೆ ಕೆಂಪು ಮಂಜು, ಅದರ ಕೆಳಗೆ ಎರಡು ಪಾದ. ಅತ್ತೆಯದು ಮೊಣಕೈ ಮಾತ್ರ. ಬಿಳಿ ಪಂಚೆ, ಮದುವೆ ಸೀರೆ, ಆ ನಗು, ಯಾವುದೂ ಇಲ್ಲ!

"ಇದೇನಯ್ಯಾ! ಬೆಂಗಳೂರು ರೋಲು! ಸೋಡಾ ಬಾಟ್ಲಿಗೆ ಒತ್ತಿ ತಂದಿದ್ದೆ!" ಆವುಲಪ್ಪನ ಧ್ವನಿ ಅಳುವಿನ ಹತ್ತಿರಕ್ಕೆ ಬಂದಿತ್ತು.

"ರೋಲು ಫಸ್ಟ್ ಕ್ಲಾಸ್ ಸಾರ್" ಎಂದು ವೆಂಕಟಸ್ವಾಮಿ ತೊಗಲಿನ ಚೀಲದ ಮುಚ್ಚಳ ತೆರೆದು ಕ್ಯಾಮೆರಾದ ಮುಖವನ್ನು ಆವುಲಪ್ಪನ ಕಡೆಗೆ ತಿರುಗಿಸಿದ. ಲೆನ್ಸಿನ ನಟ್ಟನಡುವೆ, ಗಂಧದ ಮೇಲೆ ದುಂಡಗೆ, ಅಚ್ಚುಕಟ್ಟಾಗಿ, ಕಾಸಗಲದ ಕುಂಕುಮ!

ಆವುಲಪ್ಪನಿಗೆ ತಕ್ಷಣ ತಾಯಿಯ ನೆನಪಾಯಿತು. ಮನೆಗೆ ಬಂದು ಕೇಳಿದರೆ ಅಕ್ಕಯಮ್ಮ, "ಚೀಲಕ್ಕಿಟ್ರೆ ಚೀಲಕ್ಕಾಯ್ತು. ಆಯುಧಕ್ಕೆ ಬ್ಯಾಡ್ವಾ? ಅದರ ಕಣ್ಣಿಗೇ ಇಟ್ಟೆ. ನಿನ್ನ ಒಳ್ಳೇದಕ್ಕೇ ಕಣಪ್ಪಾ" ಎಂದಳು.

"ನಾನು ಹಿಂದೆ ನಿಂತಿದ್ದೆ, ಜೋಡಿ ಫೋಟೋಗೆ ನಿಂತಾಗ ನಿನ್ನ ಮುಖಾನೇ ನೋಡ್ತಿದ್ದೆ, ಸರಿ, ನನಗೆ ಕಾಣ್ನಿಲ್ಲ" ಎಂದು ಆವುಲಪ್ಪ ಹೆಂಡತಿಯ ಕಡೆ ತಿರುಗಿದ. "ನೀವೆಲ್ಲ ಮುಂದೆ ನಿಂತಿದ್ರಲ್ಲ! ನಿಮಗೆ ಕಾಣ್ನಿಲ್ವಾ?"

"ಚೆನ್ನಾಗೇ ಕಾಣ್ತಿತ್ತು."

"ಮತ್ಯಾಕೆ ಬಾಯಿ ಬಿಡ್ನಿಲ್ಲ?"

"ಆಯುಧಪೂಜೆ ಮಾರನೇ ದಿನ ಕಣಯ್ಯಾ. ವ್ಯಾನಿಗೆ ಇತ್ತು, ಹರಿಗೋಲಿಗೆ ಇತ್ತು, ಡ್ರೈವರ್ ಹಣೇಲಿ ಇತ್ತು. ಕ್ಯಾಮೆರಾಕ್ಕೂ ಇತ್ತು. ಪೂಜೆ ಮಾಡಿ ಇಟ್ಟಿದ್ದನ್ನ ಅಳಿಸು ಅಂತ ಯಾರಾನಾ ಹೇಳ್ತಾರಾ? ಅಲ್ದೆ ನಾನೇನಾರ ಹೇಳಿದ್ರೆ, ನಿನಗೇನು ಗೊತ್ತೇ ರೋಲಿನ ವಿಷಯ ಅಂತಿದ್ದೆ."

ಅಶ್ವತ್ಥಮ್ಮ ಫೋಟೋಗಳ ಕಟ್ಟಿನಿಂದ ಒಂದನ್ನು ಮೆಲ್ಲನೆ ಎಳೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಅವಳ ಮುಖದಲ್ಲಿ ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

ಅದೇನೆಂದು ತಿಳಿದದ್ದು ದೀಪಾವಳಿಗೆ ತಾಯಿಯನ್ನೂ ಕರೆದುಕೊಂಡು ತಳಿಗೆ ಹೋದಾಗ. ಬಾಗಿಲು ದಾಟಿದವನೇ ಗೋಡೆ ನೋಡಿ ಕಲ್ಲಾಗಿ ನಿಂತ. ಮೊಳೆಯಲ್ಲಿ ಕೊಡೆ ಇರಲಿಲ್ಲ! ಹಿಂದಿನ ದಿನವೇ ಬಂದಿದ್ದ ಅಶ್ವತ್ಥಮ್ಮ ಕಟ್ಟು ಹಾಕಿಸಿ ತಂದ ಫೋಟೋ ಇತ್ತು. ಕುಂಕುಮ ಬೀಳುವ ಮುಂಚೆ, ಅಕ್ಕಯಮ್ಮ ಮಣ್ಣುಪಾಲು ಮಾಡಿದ ಆ ಮೊದಲನೇ ಫೋಟೋ! ಬಣ್ಣ ಬಣ್ಣವಾಗಿ, ಕನ್ನಡಿಯಷ್ಟು ನಿಚ್ಚಳವಾಗಿ, ಹರಕಲು ಬನಿಯನ್ನಿನ ಆವುಲಪ್ಪ ಬಾಯಿ ತೆರೆದು ಬೆರಳೆತ್ತಿದ್ದಾನೆ. ಅಶ್ವತ್ಥಮ್ಮ ಮುದ್ದೆ ಕೋಲೆತ್ತಿದ್ದಾಳೆ.

"ತೆಗೀರಿ ಮಾವ! ಮರ್ಯಾದೆ ಹೋಯ್ತದೆ!"

"ತೆಗೆಯಲ್ಲ" ಎಂದರು ರಾಮಕೃಷ್ಣಪ್ಪ. "ಆ ಎರಡರಲ್ಲೂ ಉಸಿರು ಬಿಗಿಹಿಡಿದು ಕುಂತವ್ರೆ, ಯಾರಿಗೆ ಯಾರೋ ಅನ್ನಂಗೆ. ಇದನ್ನ ನೋಡು. ರಸ್ತೇಲಿ ಹೋಗೋನೂ ಹೇಳ್ತಾನೆ, ಇವರು ಗಂಡ ಹೆಂಡ್ತಿ ಅಂತ!"

ಅಷ್ಟರಲ್ಲಿ ಅಕ್ಕಯಮ್ಮ ಕುಂಕುಮದ ಬಟ್ಟಲು, ಚೆಂಡುಹೂವಿನ ಹಾರ ಹಿಡಿದು ಫೋಟೋದ ಕಡೆ ನಡೆದಳು. ಹಬ್ಬದ ದಿನ ಗೋಡೆಯ ಫೋಟೋ ಬರಿದಾಗಿ ಇರಬಾರದೆಂದು ಅವಳ ಲೆಕ್ಕ.

"ಅಮ್ಮೋ! ಹಾರ ಬ್ಯಾಡ! ನಾನಿನ್ನೂ ಬದುಕಿದೀನಿ!" ಆವುಲಪ್ಪ ಅಡ್ಡ ಹಾರಿ, ಬಾಯಿ ತೆರೆದು, ಬೆರಳೆತ್ತಿ ಅರಚಿದ.

ಎಲ್ಲರೂ ಒಮ್ಮೆ ಅವನನ್ನು ನೋಡಿದರು. ಒಮ್ಮೆ ಗೋಡೆಯನ್ನು ನೋಡಿದರು. ಅದೇ ಬಾಯಿ, ಅದೇ ಬೆರಳು! ಅಶ್ವತ್ಥಮ್ಮ ಜಲಪಾತದೆದುರು ನಕ್ಕಿದ್ದ ಹಾಗೆಯೇ ನಕ್ಕುಬಿಟ್ಟಳು.

ರಾಮಕೃಷ್ಣಪ್ಪ ಕಂಕುಳಲ್ಲಿದ್ದ ಕೊಡೆಯನ್ನು ಅಳಿಯನ ಕೈಗೆ ಕೊಟ್ಟು, ಮೆಚ್ಚುಗೆಯಿಂದ ತಲೆದೂಗಿದರು.

"ಏನೇ ಅನ್ನು ಆವುಲಪ್ಪ, ರೋಲು ಮಾತ್ರ ಬಲು ಒಳ್ಳೇದು ಆರಿಸಿ ತಂದಿದೀಯ!"